ಹ್ಯಾಮ್ ಸಂತೆಯಲ್ಲಿ ಹಳೇ ಸೆಟ್ ಕೊಳ್ಳಬೇಕು, ಏನೇನು ನೋಡಲಿ?

ಬ್ರಹ್ಮಪುರದ ಹುಡುಗ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ಹೊಸ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋದವ. ಲೈಸೆನ್ಸ್ ಸಿಕ್ಕಿ ಈಗಷ್ಟೇ ವಿಯು3 ಎಂದು ಶುರುವಾಗುವ ಕಾಲ್‌ಸೈನ್ (ಗಾಳಿಯಲ್ಲಿ ನಮ್ಮ ಗುರುತಿನ ಹೆಸರು) ಬಂದಿದೆ. ಸದ್ಯ ಕೈಯಲ್ಲಿ ಹಿಡಿಯುವ ಒಂದು ಸಣ್ಣ ಹ್ಯಾಂಡಿ ಸೆಟ್ ಮಾತ್ರ ಇದೆ. ಮಾಳಿಗೆ ಮೇಲೆ ನಿಂತು ಎಷ್ಟು ಕರೆದರೂ ಯಾರೂ ಉತ್ತರ ಕೊಡುವುದಿಲ್ಲ, ಕೇಳುವವರು ಹತ್ತಿರ ಇದ್ದರೆ ತಾನೇ! 40 ಮೀಟರ್ ಬ್ಯಾಂಡಿಗೆ (7 ಮೆಗಾಹರ್ಟ್ಸ್) ಬಂದರೆ ಬೆಂಗಳೂರು, ಮಂಗಳೂರು ಎಲ್ಲ ಹಗಲಲ್ಲೇ ಸಿಗುತ್ತವೆ ಎಂದು ಕೇಳಿದ್ದೇನೆ.

ಮುಂದಿನ ತಿಂಗಳು ಹೈದರಾಬಾದಿನಲ್ಲಿ ಹ್ಯಾಮ್‌ಗಳು ಸೇರುತ್ತಿದ್ದಾರೆ. ಹಳೇ ಸಾಮಾನು ಮಾರುವ ಟೇಬಲ್‌ಗಳೂ ಇರುತ್ತವಂತೆ. ಮಾರುವವರಲ್ಲಿ ಇಬ್ಬರ ಜೊತೆ ಆಗಲೇ ಮಾತಾಡಿದ್ದೇನೆ. ಒಬ್ಬರ ಹತ್ತಿರ ಯಾಸು ಎಫ್‌ಟಿ-101ಇ ಇದೆ, 14 ಸಾವಿರ ಹೇಳುತ್ತಿದ್ದಾರೆ. ಇನ್ನೊಬ್ಬರದು ಐಕಾಮ್ ಐಸಿ-718, ಅದಕ್ಕೆ 38 ಸಾವಿರ. ಎರಡೂ "ವರ್ಕಿಂಗ್ ಕಂಡೀಷನ್" ಅಂತೆ. ನನಗೆ ಬೆಸುಗೆ ಹಾಕಲು ಬರುತ್ತದೆ, ಮಲ್ಟಿಮೀಟರ್ ಹಿಡಿಯಲು ಬರುತ್ತದೆ, ಅಷ್ಟೇ. ಮನಸ್ಸು 101 ಕಡೆ ಎಳೆಯುತ್ತಿದೆ. ನೋಡೋಕೆ ಭಾಳ ಚೆನ್ನಾಗಿದೆ, ರೇಟೂ ಕಡಿಮೆ. ಟೇಬಲ್ ಮುಂದೆ ನಿಂತಾಗ ಏನು ನೋಡಬೇಕು, ಏನು ಕೇಳಬೇಕು? ತಿಳಿದವರು ಹೇಳಿ.

ಹಳೇ ರೇಡಿಯೋ ಮೆಕ್ಯಾನಿಕ್, ಬೀದರ್

ತಮ್ಮಾ, ಕಾಲ್‌ಸೈನ್ ಬಂದದ್ದಕ್ಕೆ ಅಭಿನಂದನೆ.

ಸಂತೆಯ ಟೇಬಲ್ ಮೇಲೆ ಇಟ್ಟ ಸೆಟ್ ಎಲ್ಲವೂ ಕೇಳಿಸುತ್ತದೆ. ಡಿಸ್ಪ್ಲೇ ಹೊತ್ತಿತು, ಸ್ಪೀಕರಿನಲ್ಲಿ ಸದ್ದು ಬಂತು, ಜನ ಅಲ್ಲೇ ದುಡ್ಡು ತೆಗೆಯುತ್ತಾರೆ. ಆದರೆ ಕೆಟ್ಟಿರುವುದು ಹೆಚ್ಚಾಗಿ ಕಳಿಸುವ ಕಡೆ. ಫೈನಲ್ ಟ್ರಾನ್ಸಿಸ್ಟರ್ (ಕಳಿಸುವ ಪವರ್ ಕೊಡುವ ಕೊನೆಯ ಹಂತದ್ದು) ಸುಟ್ಟುಹೋದ ಸೆಟ್ಟೂ ಆರಾಮಾಗಿ ಕೇಳಿಸುತ್ತದೆ. ಎತ್ತು ಕೊಳ್ಳುವವರು ಹೂಡಿ ನೋಡುತ್ತಾರೆ ಅಲ್ವಾ? ಇಲ್ಲೂ ಅಷ್ಟೇ. ನಿಮ್ಮ ಕಣ್ಣೆದುರು ಟ್ರಾನ್ಸ್‌ಮಿಟ್ ಮಾಡಿ ತೋರಿಸದ ಸೆಟ್ಟನ್ನು ಕೆಟ್ಟ ಸೆಟ್ ಅಂತಲೇ ಲೆಕ್ಕ ಹಾಕಿ. ಬೇಕಿದ್ದರೆ ಕೆಟ್ಟ ಸೆಟ್ಟಿನ ಬೆಲೆ ಕೊಟ್ಟು ತನ್ನಿ, ನನ್ನ ತಕರಾರಿಲ್ಲ.

ಅದಕ್ಕೆ ಸಾಮಾನು ನೀವೇ ಒಯ್ಯಬೇಕು. 50 ಓಮ್‌ನ ಡಮ್ಮಿ ಲೋಡ್ (ಆಂಟೆನಾ ಬದಲು ಹಾಕಿ ಪರೀಕ್ಷಿಸುವ ರೆಸಿಸ್ಟರ್), 100 ವ್ಯಾಟ್ ತಡೆಯುವಂಥದ್ದು. ವ್ಯಾಟ್ ಮತ್ತು ಎಸ್‌ಡಬ್ಲ್ಯೂಆರ್ (ಕಳಿಸಿದ ಪವರ್ ಎಷ್ಟು ವಾಪಸ್ ಬರುತ್ತಿದೆ ಎಂಬ ಅಳತೆ) ಎರಡೂ ತೋರಿಸುವ ಒಂದು ಮೀಟರ್. ಎರಡು ತುಂಡು ಕೋಆಕ್ಸ್ (ಆಂಟೆನಾ ಕೇಬಲ್), ತುದಿಗೆ ಪಿಎಲ್-259 ಪ್ಲಗ್ ಹಾಕಿದ್ದು. ಟಾರ್ಚ್, ಸ್ಕ್ರೂಡ್ರೈವರ್, ಹೆಡ್‌ಫೋನ್. ಹಾಲಿನಲ್ಲಿ ಗಲಾಟೆ ಜಾಸ್ತಿ, ಹೆಡ್‌ಫೋನ್ ಇಲ್ಲದೆ ಏನೂ ತಿಳಿಯುವುದಿಲ್ಲ. ನಿಮ್ಮ ಹತ್ತಿರ ಇವೆಲ್ಲ ಇಲ್ಲದಿದ್ದರೆ, ಇರುವವರ ಜೊತೆ ಹೋಗಿ. ಹ್ಯಾಮ್‌ಗಳು ಇಂಥದಕ್ಕೆ ಇಲ್ಲ ಅನ್ನುವುದಿಲ್ಲ, ಅವರಿಗೂ ಅದೇ ಖುಷಿ.

ಈಗ 718. ಅದರಲ್ಲಿ ಆರ್‌ಟಿಟಿವೈ (ರೇಡಿಯೋ ಟೆಲಿಟೈಪ್) ಮೋಡ್ ಇದೆ. ಆ ಮೋಡಿಗೆ ಹಾಕಿ ಮೈಕಿನ ಬಟನ್ ಒತ್ತಿದರೆ ಸಾಕು, ನೇರ ಕ್ಯಾರಿಯರ್ (ಮಾತಿಲ್ಲದ ಬರೀ ಅಲೆ) ಬರುತ್ತದೆ, ಮೋರ್ಸ್ ಕೀ ಬೇಡ. ಮೂರು ನಾಲ್ಕು ಸೆಕೆಂಡ್ ಒತ್ತಿ, ಬಿಡಿ. 3.5, 7, 14, 21, 28 ಮೆಗಾಹರ್ಟ್ಸ್, ಪ್ರತಿ ಬ್ಯಾಂಡಿನಲ್ಲೂ ಒತ್ತಿ ಮೀಟರ್ ನೋಡಿ. ಎಲ್ಲ ಕಡೆ 100 ವ್ಯಾಟಿನ ಆಸುಪಾಸು ಬರಬೇಕು. ಒಂದೇ ಬ್ಯಾಂಡ್ ಸತ್ತಿದ್ದರೆ ಫಿಲ್ಟರಿನ ರಿಲೇ ಇರಬಹುದು, ಅದು ದೊಡ್ಡ ರೋಗ ಅಲ್ಲ. ಮೇಲಿನ ಬ್ಯಾಂಡುಗಳಿಗೆ ಹೋದ ಹಾಗೆ ಪವರ್ ಇಳಿಯುತ್ತಾ ಹೋದರೆ ಡ್ರೈವರ್ ಅಥವಾ ಫೈನಲ್ ಸೋತಿದೆ. ಆಮೇಲೆ ಎಸ್‌ಎಸ್‌ಬಿಗೆ, ಅಂದರೆ ಮಾತಾಡುವ ಮೋಡಿಗೆ ಬನ್ನಿ. ಬಟನ್ ಒತ್ತಿ ಸುಮ್ನೆ ಇರಿ. ನೀವು ಮಾತಾಡದಿದ್ದರೂ ಮುಳ್ಳು ಎದ್ದು ನಿಂತರೆ ಆ ಟೇಬಲ್ ಬಿಟ್ಟು ಮುಂದೆ ಹೋಗಿ. ಮಾತಾಡಿದಾಗ ಮಾತ್ರ ಮುಳ್ಳು ಕುಣಿಯಬೇಕು.

ಪವರ್ ಸಪ್ಲೈ ಮರೆಯಬೇಡಿ. ಈ ಸೆಟ್‌ಗಳು 13.8 ವೋಲ್ಟಿನವು, ಪೂರ್ತಿ ಪವರ್‌ನಲ್ಲಿ 20 ಆಂಪಿಯರ್ ಹತ್ತಿರ ಎಳೆಯುತ್ತವೆ. ಸೆಟ್ಟಿನ ಜೊತೆ ಕಂಪನಿಯ ಡಿಸಿ ಕೇಬಲ್ ಇದೆಯಾ ನೋಡಿ. ಫ್ಯೂಸ್ ಹೋಲ್ಡರ್ ಬಿಚ್ಚಿ ನೋಡಿ. ಅದರೊಳಗೆ ಫ್ಯೂಸ್ ಬದಲು ತಾಮ್ರದ ತಂತಿ ಸುತ್ತಿದ್ದರೆ, ಆ ಸೆಟ್ಟಿನ ಹಿಂದಿನ ಜೀವನ ಹೇಗಿತ್ತು ಎಂದು ನಿಮಗೇ ಗೊತ್ತಾಗುತ್ತದೆ. ಹಾಗೆಯೇ ಸ್ಕ್ರೂಗಳ ತಲೆ. ತಲೆ ತಿಂದುಹೋಗಿದ್ದರೆ ಯಾರೋ ಪದೇ ಪದೇ ಒಳಗೆ ಕೈ ಹಾಕಿದ್ದಾರೆ. ರಿಪೇರಿ ಆಗಿರುವುದು ತಪ್ಪಲ್ಲ. ಆದರೆ "ಒಮ್ಮೆಯೂ ಬಿಚ್ಚಿಲ್ಲ ಸರ್" ಎಂದರೆ ನಂಬಬೇಡಿ.

ಮೈಕ್ ಕೂಡ ಅದೇ ಸೆಟ್ಟಿನದಾಗಿರಲಿ. ಐಕಾಮ್, ಯಾಸು, ಕೆನ್‌ವುಡ್ ಮೂರರ ಎಷ್ಟೋ ಸೆಟ್‌ಗಳಲ್ಲಿ ಎಂಟು ಪಿನ್ನಿನ ದುಂಡು ಪ್ಲಗ್ಗೇ ಇರುತ್ತದೆ, ಒಂದರದು ಇನ್ನೊಂದಕ್ಕೆ ಕೂರುತ್ತದೆ. ಒಳಗಿನ ವೈರಿಂಗ್ ಮಾತ್ರ ಬೇರೆ ಬೇರೆ.

ಎಲ್ಲ ಆದ ಮೇಲೆ ಒಂದು ಚೀಟಿ ಬರೆಸಿಕೊಳ್ಳಿ. ಮಾಡೆಲ್, ಸೀರಿಯಲ್ ನಂಬರ್, ಮಾರುವವರ ಕಾಲ್‌ಸೈನ್, ತಾರೀಕು, ಸಹಿ. ಲೈಸೆನ್ಸ್ ಇಲ್ಲದೆ ಟ್ರಾನ್ಸ್‌ಮಿಟರ್ ಮನೆಯಲ್ಲಿ ಇಟ್ಟುಕೊಳ್ಳುವುದೇ ನಮ್ಮ ದೇಶದಲ್ಲಿ ತಪ್ಪು. ಹಾಗಾಗಿ ಸೆಟ್ ಎಲ್ಲಿಂದ ಬಂತು ಎಂದು ತೋರಿಸಲು ಕಾಗದ ಬೇಕು. ನಿಮ್ಮ ಲೈಸೆನ್ಸಿನ ಪ್ರತಿಯನ್ನೂ ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ಸರಿಯಾದ ಮಾರಾಟಗಾರರು ಅದನ್ನು ಕೇಳಿಯೇ ಕೇಳುತ್ತಾರೆ. ಸೆಟ್ 100 ವ್ಯಾಟಿನದಾದರೂ ನಿಮ್ಮ ಲೈಸೆನ್ಸಿನಲ್ಲಿ ಎಷ್ಟಿದೆಯೋ ಅಷ್ಟಕ್ಕೆ ಇಳಿಸಿ ಬಳಸಿ.

101 ಬಗ್ಗೆ ಸಂಜೆ ಬರೆಯುತ್ತೇನೆ. ಅಂಗಡಿಗೆ ಜನ ಬಂದರು. 73 (ಹ್ಯಾಮ್‌ಗಳ ಶುಭಾಶಯ).

ಟಿಂಕರ್ ತಮ್ಮ, ಯಾದಗಿರಿ

ಇಬ್ಬರಿಗೂ ನಮಸ್ಕಾರ. ಹಳೇ ಸೆಟ್ ಯಾಕೆ ಬೇಕು ಅಣ್ಣಾ? ಹೈದರಾಬಾದಿಗೇ ಹೋಗುತ್ತಿದ್ದೀರಿ, ನಾವೇ ಜೋಡಿಸಿಕೊಳ್ಳುವ ಬಿಟೆಕ್ಸ್ ಕಿಟ್ ಸೆಟ್ ಹುಟ್ಟಿದ ಊರು ಅದು. ವಿಯು2ಇಎಸ್‌ಇ ಅಶ್ಹರ್ ಫರ್ಹಾನ್ ಅವರ ಡಿಸೈನ್. ಈಗಿನ ಮೈಕ್ರೋಬಿಟೆಕ್ಸ್ ಎಚ್‌ಎಫ್ (ಶಾರ್ಟ್‌ವೇವ್) ಬ್ಯಾಂಡುಗಳಲ್ಲೆಲ್ಲ ಕೆಲಸ ಮಾಡುತ್ತದೆ, 40 ಮೀಟರಿನಲ್ಲಿ 10 ವ್ಯಾಟ್ ಹತ್ತಿರ ಕೊಡುತ್ತದೆ. ಸರ್ಕ್ಯೂಟ್ ಪೂರ್ತಿ ಬಹಿರಂಗ. ಒಳಗೆ ಆರ್ಡ್ಯುಯಿನೋ ನ್ಯಾನೋ ಎಂಬ ಸಣ್ಣ ಕಂಪ್ಯೂಟರ್ ಬೋರ್ಡ್ ಇದೆ, ಕೋಡ್ ಕೂಡ ನೀವೇ ಬದಲಾಯಿಸಬಹುದು. ಕೆಟ್ಟರೆ ಎಲ್ಲಿ ಕೆಟ್ಟಿದೆ ಎಂದು ಹುಡುಕಬಹುದು. ನಾನು ಹಾಗೆಯೇ ಕಲಿತದ್ದು. 38 ಸಾವಿರ ಯಾರದೋ ಹಳೇ ಡಬ್ಬಿಗೆ ಹಾಕುವ ಬದಲು ಆಂಟೆನಾಗೆ ಹಾಕಿ.

ಹಳೇ ರೇಡಿಯೋ ಮೆಕ್ಯಾನಿಕ್, ಬೀದರ್

ಯಾದಗಿರಿ ತಮ್ಮ ಹೇಳಿದ್ದು ಸುಳ್ಳಲ್ಲ. 10 ವ್ಯಾಟಿನಲ್ಲಿ ಹಗಲು ಹೊತ್ತು 7 ಮೆಗಾಹರ್ಟ್ಸ್ ಮೇಲೆ ಬೆಂಗಳೂರು ಮಾತಾಡಬಹುದು. ಆದರೆ ಕಲಬುರಗಿ ಊರೊಳಗಿನ ಗದ್ದಲ ಅವರಿಗೆ ಗೊತ್ತಿಲ್ಲ ಅಂತ ಕಾಣುತ್ತದೆ. ಎಲ್ಇಡಿ ಬಲ್ಬು, ಇನ್ವರ್ಟರ್, ಸಿಸಿಟಿವಿ ಅಡಾಪ್ಟರ್, ಎಲ್ಲವೂ ಚರಚರ ಅನ್ನುತ್ತವೆ. ಆ ಕಡೆಯವರ ಊರಲ್ಲೂ ಹಾಗೇ. ನಿಮ್ಮ ಸಣ್ಣ ಸಿಗ್ನಲ್ ಅವರ ಗದ್ದಲದಲ್ಲಿ ಮುಳುಗುತ್ತದೆ. ಹೊಸಬರು ಒಂದು ವಾರ ಕರೆದು ಯಾರೂ ಸಿಗದೆ ಸೆಟ್ ಮುಚ್ಚಿಡುತ್ತಾರೆ. ಕಿಟ್ ಎರಡನೇ ಸೆಟ್ ಆಗಲಿ, ಒಳ್ಳೆಯದೇ. ಆಂಟೆನಾಗೆ ಅಷ್ಟೆಲ್ಲ ದುಡ್ಡು ಬೇಡ. ಒಟ್ಟು 66 ಅಡಿ ತಾಮ್ರದ ವೈರ್, ನಡುವೆ ಕತ್ತರಿಸಿ ಕೋಆಕ್ಸ್ ಜೋಡಿಸಿದರೆ 40 ಮೀಟರ್ ಡೈಪೋಲ್ ಆಂಟೆನಾ ಆಯಿತು. ಬ್ರಹ್ಮಪುರದ ಮಾಳಿಗೆ ಮೇಲೆ ಓರೆಯಾಗಿ ಎಳೆದರೆ ಕೂರಬಹುದು.

ಈಗ 101ಇ. ಅದು 1970ರ ದಶಕದ ಸೆಟ್. ಫೈನಲ್‌ನಲ್ಲಿ ಎರಡು ವಾಲ್ವ್ (ಗಾಜಿನ ಟ್ಯೂಬ್) ಇವೆ, 6ಜೆಎಸ್6ಸಿ. ಅವು ಹಳೇ ಕಲರ್ ಟಿವಿಗೆಂದು ಮಾಡಿದ ವಾಲ್ವ್‌ಗಳು, ಯಾರೂ ಹೊಸದು ತಯಾರಿಸುತ್ತಿಲ್ಲ. ಸಿಕ್ಕರೂ ಬೇರೆ ಕಂಪನಿಯದು ಹಾಕಿದರೆ ನ್ಯೂಟ್ರಲೈಸೇಷನ್ (ವಾಲ್ವ್ ತಾನಾಗಿ ಕೂಗದಂತೆ ಹೊಂದಿಸುವುದು) ಮತ್ತೆ ಮಾಡಬೇಕು. ಪ್ಲೇಟಿಗೆ 600 ವೋಲ್ಟ್ ಸುತ್ತಮುತ್ತ ಇರುತ್ತದೆ. ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತರೂ ಕೆಪಾಸಿಟರಿನಲ್ಲಿ ಉಳಿದಿರುತ್ತದೆ. ಬೆಸುಗೆ ಮತ್ತು ಮಲ್ಟಿಮೀಟರ್ ಮಾತ್ರ ಬರುತ್ತದೆ ಎಂದು ನೀವೇ ಬರೆದಿದ್ದೀರಿ. ಹಾಗಾದರೆ ಈ ಸೆಟ್ ಒಬ್ಬರೇ ಬಿಚ್ಚಬೇಡಿ.

ಇನ್ನೊಂದು ವಿಷಯ. ಜಪಾನಿನ ಸೆಟ್ ಇದು, ಟ್ರಾನ್ಸ್‌ಫಾರ್ಮರಿಗೆ ಹಲವು ಟ್ಯಾಪ್ ಇವೆ, ಒಮ್ಮೊಮ್ಮೆ 100 ಅಥವಾ 117 ವೋಲ್ಟಿಗೆ ಕಟ್ಟಿರುತ್ತಾರೆ. ನಮ್ಮ 230ಕ್ಕೆ ನೇರ ಚುಚ್ಚಿದರೆ ಹೊಗೆ. ಕಟ್ಟಿದ್ದು ಸರಿಯಿದ್ದರೂ ವರ್ಷಗಟ್ಟಲೆ ಮೂಲೆಯಲ್ಲಿ ಇದ್ದ ಸೆಟ್ಟಿಗೆ ಒಮ್ಮೆಲೇ ಕರೆಂಟ್ ಕೊಡಬಾರದು. ಡಿಮ್ಮರ್‌ಸ್ಟಾಟ್ (ವೋಲ್ಟ್ ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರ್) ಇದ್ದರೆ ನಿಧಾನವಾಗಿ ಏರಿಸಿ, ಇಲ್ಲದಿದ್ದರೆ ಕರೆಂಟ್ 100 ವ್ಯಾಟ್ ಬಲ್ಬಿನ ಮೂಲಕ ಹೋಗುವ ಸೀರೀಸ್ ಬೋರ್ಡ್ ಹಾಕಿ. ಬಲ್ಬ್ ಪೂರ್ತಿ ಉರಿದು ಹಾಗೇ ನಿಂತರೆ ಒಳಗೆ ಶಾರ್ಟ್ ಇದೆ.

ಚಂದ ಇದೆ, ಒಪ್ಪುತ್ತೇನೆ. ಆ ಡಯಲ್ಲಿನ ಬೆಳಕು ನೋಡಿದರೆ ನನಗೂ ಆಸೆ ಆಗುತ್ತದೆ. ಆದರೆ 15 ಕೆಜಿ ತೂಕ ಹೊತ್ತು ಹುಸೇನ್‌ಸಾಗರ್ ಎಕ್ಸ್‌ಪ್ರೆಸ್ ಹತ್ತಿ ಮನೆಗೆ ತಂದು, ಮೇ ತಿಂಗಳ ಬಿಸಿಲಿನಲ್ಲಿ ವಾಲ್ವ್ ಸೆಟ್ ಮುಂದೆ ಕೂರುವುದು... ನಮ್ಮ ಭಾಗದ ಬೇಸಿಗೆ ಗೊತ್ತೇ ಇದೆ. ಮೇಲಾಗಿ ಕಲಬುರಗಿಯಲ್ಲಿ ಅದಕ್ಕೆ ಕೈ ಹಾಕುವವರು ಯಾರು? ನನ್ನ ಹತ್ತಿರ ಬೀದರಿಗೆ ತರಬೇಕು. ತಂದರೆ ಮಾಡುತ್ತೇನೆ, ಆದರೆ ವಾಲ್ವ್ ನಾನು ಎಲ್ಲಿಂದ ತರಲಿ?

ನಿಮ್ಮ ಮೊದಲ ಸೆಟ್ ಬೇಜಾರು ಹುಟ್ಟಿಸುವಷ್ಟು ಸಾದಾ ಇರಲಿ. 718 ಹಾಗಿದೆ. ಬೇರೆ ಟೇಬಲ್ ಮೇಲೆ ಬೇರೆ ಸೆಟ್ ಕಂಡರೆ ಇವು ನೆನಪಿರಲಿ. ಕೆನ್‌ವುಡ್ ಟಿಎಸ್-130ಎಸ್ ಕಂಡರೆ ನಿಂತು ನೋಡಿ, ಹಳೆಯದಾದರೂ ಪೂರ್ತಿ ಟ್ರಾನ್ಸಿಸ್ಟರಿನದು. ಟಿಎಸ್-850 ಆದರೆ ಒಳಗಿನ ಸಣ್ಣ ಕೆಪಾಸಿಟರ್‌ಗಳು ಸೋರಿ ಬೋರ್ಡ್ ತಿಂದಿರುತ್ತವೆ, ಬದಲಾಯಿಸಿದ್ದಾರಾ ಕೇಳಿ. ಐಕಾಮ್ 751 ಆದರೆ ಒಳಗಿನ ಬ್ಯಾಟರಿ ಸತ್ತರೆ ಸೆಟ್ಟಿನ ಪ್ರೋಗ್ರಾಮೇ ಅಳಿಸಿಹೋಗುತ್ತದೆ. ಯಾಸು 857ರ ಡಿಸ್ಪ್ಲೇ ಮೇಲೆ ಗೆರೆ ಗೆರೆ ಬರುವ ರೋಗ ಇದೆ, ಬಿಸಿ ಆದ ಮೇಲೆ ನೋಡಿ.

ಬ್ರಹ್ಮಪುರದ ಹುಡುಗ, ಕಲಬುರಗಿ

ಸರ್, ಇಷ್ಟು ಬಿಡಿಸಿ ಬರೆದದ್ದಕ್ಕೆ ಭಾಳ ಉಪಕಾರ ಆಯಿತು. 101 ಆಸೆ ಬಿಟ್ಟೆ. ಯಾದಗಿರಿ ತಮ್ಮಾ, ಕಿಟ್ ಖಂಡಿತ ಮಾಡುತ್ತೇನೆ, ಆಮೇಲೆ ನಿಮಗೇ ತೊಂದರೆ ಕೊಡುತ್ತೇನೆ.

ಒಂದು ಪ್ರಶ್ನೆ. 12 ವೋಲ್ಟಿನ ಎಲ್ಇಡಿ ಬೋರ್ಡುಗಳಿಗೆ ಹಾಕುವ 30 ಆಂಪಿಯರ್ ಎಸ್‌ಎಂಪಿಎಸ್ (ಹಗುರ ಸ್ವಿಚಿಂಗ್ ಪವರ್ ಸಪ್ಲೈ) ನಮ್ಮೂರ ಸೂಪರ್ ಮಾರ್ಕೆಟ್ ಏರಿಯಾ ಕಡೆ ಕಡಿಮೆಗೆ ಸಿಗುತ್ತದೆ. ಅದು ನಡೆಯುತ್ತದಾ?

718 ಮಾರುವವರಿಗೆ ನೀವು ಹೇಳಿದ ಹಾಗೇ ಕೇಳಿದೆ. ಅವರು ಬೇಜಾರು ಮಾಡಿಕೊಳ್ಳದೆ ವಿಡಿಯೋ ಕಳಿಸಿದರು. 7ರಲ್ಲಿ ಮೀಟರ್ 95 ತೋರಿಸುತ್ತದೆ, 14ರಲ್ಲೂ ಅಷ್ಟೇ. ಆದರೆ 28ರಲ್ಲಿ ಬರೀ 40. ಫೈನಲ್ ಸೋತಿದೆ ಅಂತ ಅರ್ಥವಾ? ಬಿಟ್ಟುಬಿಡಲಾ?

ಟಿಂಕರ್ ತಮ್ಮ, ಯಾದಗಿರಿ

ಎಸ್‌ಎಂಪಿಎಸ್ ಪ್ರಶ್ನೆಗೆ ನಾನು ಹೇಳುತ್ತೇನೆ. ಅದರ ಟ್ರಿಮ್ಮರ್ (ವೋಲ್ಟ್ ಹೊಂದಿಸುವ ಸಣ್ಣ ತಿರುಪು) ತಿರುಗಿಸಿದರೆ ಎಷ್ಟೋ ಸಲ 13.8ಕ್ಕೆ ಬರುತ್ತದೆ. ಆದರೆ ಅಂಥವು ಹೆಚ್ಚಾಗಿ 40 ಮೀಟರ್ ಪೂರ್ತಿ ಗದ್ದಲ ತುಂಬುತ್ತವೆ. ಅಂಗಡಿಯಲ್ಲೇ ಆನ್ ಮಾಡಿಸಿ, ಒಂದು ಸಣ್ಣ ಶಾರ್ಟ್‌ವೇವ್ ರೇಡಿಯೋ ಪಕ್ಕದಲ್ಲಿ ಇಟ್ಟು ಕೇಳಿ ತನ್ನಿ. ಇಲ್ಲದಿದ್ದರೆ ಸಂತೆಯಲ್ಲಿ ಟ್ರಾನ್ಸ್‌ಫಾರ್ಮರ್ ಇರುವ ಲೀನಿಯರ್ ಸಪ್ಲೈ ಹುಡುಕಿ. ತೂಕ ಇರುತ್ತದೆ, ಸದ್ದು ಮಾಡುವುದಿಲ್ಲ.

ಹಳೇ ರೇಡಿಯೋ ಮೆಕ್ಯಾನಿಕ್, ಬೀದರ್

ಅವಸರ ಬೇಡ ತಮ್ಮಾ. ಅದೇ ಸಪ್ಲೈ ಮೇಲೆ 7ರಲ್ಲಿ 95 ಬಂದಿದೆ, ಅಂದರೆ ಸಪ್ಲೈ ಸರಿಯಿದೆ. ಇನ್ನು ಎರಡು ಸಂಶಯ. ಒಂದು, ಅವರ ಡಮ್ಮಿ ಲೋಡ್ ಮನೆಯಲ್ಲಿ ಮಾಡಿದ್ದಾ? ವೈರ್ ಸುತ್ತಿದ ರೆಸಿಸ್ಟರ್ ಹಾಕಿದ್ದರೆ 28ರಲ್ಲಿ ಎಸ್‌ಡಬ್ಲ್ಯೂಆರ್ ಏರುತ್ತದೆ, ಸೆಟ್ ತನ್ನನ್ನು ಕಾಪಾಡಿಕೊಳ್ಳಲು ಪವರ್ ತಾನೇ ಇಳಿಸುತ್ತದೆ. ಎರಡು, ವಿಡಿಯೋ ಮತ್ತೆ ಹಾಕಿ 28ರಲ್ಲಿ ಒತ್ತುವಾಗ ಡಿಸ್ಪ್ಲೇ ಮೇಲೆ ಯಾವ ಮೋಡ್ ಇದೆ ನೋಡಿ.

ಬ್ರಹ್ಮಪುರದ ಹುಡುಗ, ಕಲಬುರಗಿ

ನೋಡಿದೆ ಸರ್. 7 ಮತ್ತು 14ರಲ್ಲಿ ಆರ್‌ಟಿಟಿವೈ. 28ಕ್ಕೆ ಹೋದಾಗ ಎಎಂ ಎಂದು ಬಂದಿದೆ.

ಹಳೇ ರೇಡಿಯೋ ಮೆಕ್ಯಾನಿಕ್, ಬೀದರ್

ಹಾಗಾದರೆ ಮುಗಿಯಿತು. ಎಎಂನಲ್ಲಿ ಆ ಸೆಟ್ಟಿನ ಕ್ಯಾರಿಯರ್ ಹೆಚ್ಚೆಂದರೆ 40 ವ್ಯಾಟೇ. ಬ್ಯಾಂಡ್ ಬದಲಿಸಿದಾಗ ಅಲ್ಲಿ ಹಿಂದೆ ಇಟ್ಟಿದ್ದ ಮೋಡ್ ಬಂದಿರುತ್ತದೆ, ಅವರು ಗಮನಿಸಿಲ್ಲ. ಹೋದ ದಿನ ನಿಮ್ಮ ಲೋಡ್ ಹಾಕಿ, 28ರಲ್ಲಿ ಆರ್‌ಟಿಟಿವೈಗೆ ತಿರುಗಿಸಿ ಮತ್ತೆ ಒತ್ತಿಸಿ. 90 ದಾಟಿದರೆ ತೆಗೆದುಕೊಳ್ಳಿ. 35 ಸಾವಿರಕ್ಕೆ ಕೇಳಿ ನೋಡಿ, ಮೈಕ್ ಮತ್ತು ಕೇಬಲ್ ಸೇರಿಸಿ. 73.