ಒಬ್ಬರೇ ಓಡಾಡುವಾಗ ಸುತ್ತಮುತ್ತ ಕಣ್ಣಿರಲಿ: ಸ್ವರಕ್ಷಣಾ ತರಬೇತುದಾರರಿಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ಮೇಡಂ, ನನ್ನದು ರಾತ್ರಿ ಪಾಳಿ ಕೆಲಸ. ಬಸ್ ಇಳಿದ ಮೇಲೆ ಸ್ವಲ್ಪ ದೂರ ಒಬ್ಬಳೇ ನಡೆಯಬೇಕು. ಮನೆಯವರೆಲ್ಲ ‘ಹುಷಾರು, ಹುಷಾರು’ ಅಂತಾರೆ. ಹುಷಾರಾಗಿರೋದು ಹೇಗೆ ಅಂತ ಯಾರೂ ಹೇಳಲ್ಲ. ಹಿಂದೆ ಮುಂದೆ ನೋಡ್ಕೊಂಡು ನಡೆದೂ ನಡೆದೂ ಮನೆ ಸೇರುವ ಹೊತ್ತಿಗೆ ತಲೆನೋವು ಬಂದಿರುತ್ತೆ.

ಉತ್ತರ: ತಲೆನೋವು ಬರದೆ ಇನ್ನೇನಾಗುತ್ತೆ ಹೇಳಿ. ಒಂದೇ ಸಮನೆ ಕಾವಲು ಕಾಯುವುದು ಮನುಷ್ಯರ ಮಿದುಳಿಗೆ ಒಗ್ಗದ ಕೆಲಸ. ರಡಾರ್ ಪರದೆ ನೋಡುತ್ತಾ ಕೂರುವವರ ಗಮನ ಯಾಕೆ ತಪ್ಪುತ್ತದೆ ಎಂದು ತಿಳಿಯಲು ಬ್ರಿಟನ್ನಿನ ಮನೋವಿಜ್ಞಾನಿ ನಾರ್ಮನ್ ಮ್ಯಾಕ್‌ವರ್ತ್ ಪರೀಕ್ಷೆ ನಡೆಸಿ, ಫಲಿತಾಂಶವನ್ನು 1948ರಲ್ಲಿ ಪ್ರಕಟಿಸಿದರು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಗಮನ ಇಳಿದುಬಿಡುತ್ತಿತ್ತು.

ಹಾಗಾಗಿ ದಾರಿಯುದ್ದಕ್ಕೂ ಬಿಗಿದುಕೊಂಡು ನಡೆಯಬೇಡಿ. ನಮ್ಮ ತರಬೇತಿಯಲ್ಲಿ ಅಮೆರಿಕದ ಬಂದೂಕು ತರಬೇತುದಾರ ಜೆಫ್ ಕೂಪರ್ ರೂಢಿಗೆ ತಂದ, ಎಚ್ಚರದ ಮಟ್ಟ ಸೂಚಿಸುವ ನಾಲ್ಕು ಬಣ್ಣಗಳನ್ನು ಹೇಳಿಕೊಡುತ್ತೇವೆ. ಬಿಳಿ ಅಂದರೆ ಸುತ್ತಲಿನ ಪರಿವೆಯೇ ಇಲ್ಲ. ಹಳದಿ ಅಂದರೆ ಮನಸ್ಸು ನಿರಾಳ, ಕಣ್ಣು ಕಿವಿ ಮಾತ್ರ ತೆರೆದಿವೆ. ಕಿತ್ತಳೆ ಅಂದರೆ ಇಂಥದ್ದೇ ಒಂದು ವಿಷಯ ಸರಿ ಕಾಣುತ್ತಿಲ್ಲ. ಕೆಂಪು ಅಂದರೆ ಏನು ಮಾಡಬೇಕೆಂದು ತೀರ್ಮಾನಿಸಿ ಸಿದ್ಧವಾಗಿದ್ದೀರಿ. ನೀವು ಇರಬೇಕಾದದ್ದು ಹಳದಿಯಲ್ಲಿ. ಈಗ ಇಡೀ ದಾರಿ ಕಿತ್ತಳೆಯಲ್ಲಿ ನಡೆಯುತ್ತಿದ್ದೀರಿ, ಆಯಾಸ ಅದರಿಂದ.

ಜಾಗ ಬದಲಾಗುವ ಕಡೆಗಳಲ್ಲಿ ಮಾತ್ರ ಗಮನ ಹೆಚ್ಚಿಸಿ. ಬಸ್ ಇಳಿಯುವಾಗ, ತಿರುವಿನಲ್ಲಿ, ಗೇಟಿನ ಹತ್ತಿರ, ಮೆಟ್ಟಿಲು ಶುರುವಾಗುವಲ್ಲಿ. ನಾವು ಚೀಲ ತಡಕುವುದು, ಬೀಗಕ್ಕೆ ಬಗ್ಗುವುದು ಇಲ್ಲೇ. ಅಲ್ಲಿ ಒಂದು ಗಳಿಗೆ ತಲೆ ಎತ್ತಿ ನೋಡಿ: ಯಾರಿದ್ದಾರೆ, ಅವರ ಕೈ ಎಲ್ಲಿದೆ, ಬೇಕಾದರೆ ನಾನು ಯಾವ ಕಡೆ ಹೋಗಬಹುದು. ಮುಖಕ್ಕಿಂತ ಕೈ ಮೇಲೆ ಕಣ್ಣಿರಲಿ, ಏಟು ಬೀಳುವುದು ಕೈಯಿಂದ. ಬೀಗದ ಕೈ ಮನೆ ತಲುಪುವ ಮೊದಲೇ ಕೈಗೆ ಬಂದಿರಬೇಕು.

ಅವರದೇ ಮರುಪ್ರಶ್ನೆ: ಅಮ್ಮನ ಜೊತೆ ಫೋನಲ್ಲಿ ಮಾತಾಡ್ತಾ ನಡೆದರೆ ಒಳ್ಳೇದಲ್ವಾ? ಏನಾದರೂ ಆದರೆ ಅವರಿಗೆ ತಕ್ಷಣ ಗೊತ್ತಾಗುತ್ತೆ.

ಉತ್ತರ: ಧೈರ್ಯ ಬರುತ್ತದೆ ನಿಜ, ಗಮನ ಮಾತ್ರ ಹೋಗುತ್ತದೆ. ಅಮೆರಿಕದ ಒಂದು ವಿಶ್ವವಿದ್ಯಾಲಯದ ಆವರಣದಲ್ಲಿ ಸಂಶೋಧಕರು ವಿದೂಷಕನ ವೇಷದವನೊಬ್ಬನನ್ನು ಒಂಟಿ ಚಕ್ರದ ಸೈಕಲ್ ಮೇಲೆ ಓಡಾಡಿಸಿದ್ದರು. ಆ ದಾರಿಯಲ್ಲಿ ಬಂದವರನ್ನು ಆಮೇಲೆ ವಿಚಾರಿಸಿದರೆ, ಫೋನಿನಲ್ಲಿ ಮಾತಾಡುತ್ತಾ ಬಂದವರಲ್ಲಿ ಸುಮಾರು ಕಾಲು ಭಾಗದವರು ಮಾತ್ರ ಅವನನ್ನು ಕಂಡಿದ್ದರು. ಅಂಥ ವೇಷವೇ ಕಣ್ಣಿಗೆ ಬೀಳದಿದ್ದರೆ ನಿಮ್ಮ ಹಿಂದೆ ನಿಧಾನವಾಗಿ ಬರುವವರು ಹೇಗೆ ಬಿದ್ದಾರು?

ಹೊರಡುವಾಗ ಅಮ್ಮನಿಗೆ ಹೇಳಿ, ಲೊಕೇಶನ್ ಹಂಚಿಕೊಂಡು ಫೋನ್ ಒಳಗಿಡಿ, ತಲುಪಿದ ಮೇಲೆ ಮತ್ತೆ ಮಾತಾಡಿ. ಹೇಳಿದ ಹೊತ್ತಿಗೆ ಕರೆ ಬರದಿದ್ದರೆ ಏನು ಮಾಡಬೇಕು ಅನ್ನುವುದೂ ಅವರಿಗೆ ಮೊದಲೇ ಗೊತ್ತಿರಲಿ. ಇನ್ನೊಂದು ವಿಷಯ: ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20 ನಿಮಿಷಕ್ಕೂ ಹೆಚ್ಚು ಬೇಕು. ನಡುವೆ ಪರದೆಯ ಬೆಳಕು ನೋಡಿದರೆ ಆ ಹೊಂದಾಣಿಕೆ ಕೆಡುತ್ತದೆ.

ಪ್ರಶ್ನೆ: ಹೀಗೆ ನೋಡ್ತಾ ಹೋದರೆ ಎಲ್ಲರ ಮೇಲೂ ಅನುಮಾನ ಬರಲ್ವಾ? ಬಟ್ಟೆ ನೋಡಿ, ಮುಖ ನೋಡಿ ಒಬ್ಬರನ್ನು ಕೆಟ್ಟವರು ಅಂದುಕೊಳ್ಳೋದು ನನಗೆ ಸರಿ ಅನಿಸಲ್ಲ.

ಉತ್ತರ: ಈ ಪ್ರಶ್ನೆ ಬಂದದ್ದು ನನಗೆ ತುಂಬಾ ಸಂತೋಷ. ವೇಷ ನೋಡಿ ಅಳೆಯುವುದು ಅನ್ಯಾಯ. ಅದರಿಂದ ನಿಮಗೆ ರಕ್ಷಣೆಯೂ ಸಿಗದು, ಯಾಕೆಂದರೆ ಚೆನ್ನಾಗಿ ಇಸ್ತ್ರಿ ಮಾಡಿದ ಅಂಗಿಯವನನ್ನು ನೋಡದೆ ಬಿಟ್ಟುಬಿಡುತ್ತೀರಿ. ನೋಡಬೇಕಾದದ್ದು ನಡವಳಿಕೆಯನ್ನು.

ಪ್ರತಿ ಜಾಗಕ್ಕೂ ಅದರದೇ ಒಂದು ರೂಢಿ ಇರುತ್ತದೆ. ರೈಲು ನಿಲ್ದಾಣದಲ್ಲಿ ಜನ ಅವಸರದಲ್ಲಿರುತ್ತಾರೆ, ಉದ್ಯಾನದಲ್ಲಿ ನಿಧಾನವಾಗಿರುತ್ತಾರೆ. ನಿಮ್ಮ ದಿನದ ದಾರಿಯ ರೂಢಿ ನಿಮಗೆ ಆಗಲೇ ಗೊತ್ತಿದೆ. ಅದಕ್ಕೆ ಹೊಂದದ್ದು ಕಂಡಾಗ ಮನಸ್ಸು ತಾನಾಗಿ ತಡೆಯುತ್ತದೆ. ಯಾರೂ ನಿಲ್ಲದ ಕಡೆ ಒಬ್ಬರು ನಿಂತಿರುವುದು, ನೀವು ನಡಿಗೆ ನಿಧಾನಿಸಿದರೆ ಅವರೂ ನಿಧಾನಿಸುವುದು, ದಾರಿ ಕೇಳುವ ನೆಪದಲ್ಲಿ ಬೇಕಾದ್ದಕ್ಕಿಂತ ಹತ್ತಿರ ಬರುವುದು, ನೀವು ‘ಬೇಡ’ ಅಂದ ಮೇಲೂ ಮಾತು ಮುಂದುವರಿಸುವುದು. ಕೊನೆಯದನ್ನು ನಾನು ಎಲ್ಲಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಸಣ್ಣ ವಿಷಯದಲ್ಲಿ ನಿಮ್ಮ ‘ಬೇಡ’ಕ್ಕೆ ಬೆಲೆ ಕೊಡದವರು ದೊಡ್ಡದರಲ್ಲಿ ಕೊಡುತ್ತಾರೆ ಎಂದು ನಂಬಲು ಕಾರಣವೇ ಇಲ್ಲ.

ಅನುಮಾನ ಬಂದರೆ ರಸ್ತೆ ದಾಟಿ ನೋಡಿ. ಅವರೂ ದಾಟಿದರೆ ಕಾಕತಾಳೀಯ ಇರಬಹುದು. ಮತ್ತೆ ಈ ಕಡೆ ಬನ್ನಿ. ಆಗಲೂ ಹಿಂದೆ ಬಂದರೆ ಮನೆ ಕಡೆ ಹೋಗಲೇಬೇಡಿ, ನಿಮ್ಮ ಮನೆ ಯಾವುದೆಂದು ಅವರಿಗೆ ಗೊತ್ತಾಗುವುದು ಬೇಡ. ಬೆಳಕು ಮತ್ತು ಜನ ಇರುವ ಕಡೆಗೆ ಹೋಗಿ, ಅಲ್ಲಿಂದ ಫೋನ್ ಮಾಡಿ. ಹಿಂದೆ ತಿರುಗಿ ನೋಡಲು ಸಂಕೋಚ ಬೇಡ. ಕಂಡಿದ್ದೇನೆ ಎಂದು ಗೊತ್ತಾದರೆ ಸಾಕು, ಎಷ್ಟೋ ಜನ ಅಲ್ಲಿಗೇ ಬಿಟ್ಟು ಹೋಗುತ್ತಾರೆ.

ಪ್ರಶ್ನೆ: ಪೆಪ್ಪರ್ ಸ್ಪ್ರೇ ಇಟ್ಟುಕೊಂಡರೆ ಇಷ್ಟೆಲ್ಲಾ ಬೇಕಾ?

ಉತ್ತರ: ಚೀಲದ ತಳದಲ್ಲಿರುವ ಸ್ಪ್ರೇ ಸಮಯಕ್ಕೆ ಒದಗುವುದಿಲ್ಲ, ಎದುರುಗಾಳಿಗೆ ನಿಮ್ಮ ಕಣ್ಣಿಗೇ ಬೀಳಬಹುದು. ಕೆಲವು ದೇಶಗಳಲ್ಲಿ ಇಟ್ಟುಕೊಳ್ಳುವುದೂ ಅಪರಾಧ, ನಿಯಮ ಕೇಳಿಕೊಂಡು ಕೊಳ್ಳಿ. ಇನ್ನು ಯಾರಾದರೂ ಪರ್ಸೋ ಫೋನೋ ಕೇಳಿ ಬೆದರಿಸಿದರೆ ಕೊಟ್ಟುಬಿಡಿ. ಜೀವಕ್ಕಿಂತ ದೊಡ್ಡದು ಅದರಲ್ಲೇನೂ ಇಲ್ಲ.

ಪ್ರಶ್ನೆ: ಮಗಳಿಗೆ ಈಗ ಒಂಬತ್ತು ವರ್ಷ. ಹೆದರಿಸದೆ ಕಲಿಸೋದು ಹೇಗೆ ಮೇಡಂ?

ಉತ್ತರ: ಆಟವಾಗಿ ಕಲಿಸಿ ಸರ್. ಹೊಸ ಜಾಗಕ್ಕೆ ಹೋದಾಗ ‘ಹೊರಗೆ ಹೋಗೋ ಬಾಗಿಲು ಎಷ್ಟಿವೆ?’, ‘ನಾನು ಕಾಣದೇ ಹೋದರೆ ಯಾರನ್ನ ಕೇಳ್ತೀಯ?’ ಅನ್ನಿ. ಮಕ್ಕಳು ಇದರಲ್ಲಿ ನಮಗಿಂತ ಚುರುಕು.

‘ಅಪರಿಚಿತರನ್ನು ನಂಬಬೇಡ’ ಎಂಬಲ್ಲಿಗೆ ಮಾತ್ರ ನಿಲ್ಲಿಸಬೇಡಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದಲ್ಲಿ ಹೆಚ್ಚಿನವು ಗೊತ್ತಿರುವವರಿಂದಲೇ ಆಗುತ್ತವೆ. ಯಾರೇ ಆಗಲಿ ‘ಅಪ್ಪ ಅಮ್ಮನಿಗೆ ಹೇಳಬೇಡ’ ಅಂದರೆ, ಅದನ್ನು ಮೊದಲು ನಿಮಗೇ ಬಂದು ಹೇಳಬೇಕು ಎಂದು ಕಲಿಸಿ. ಬಂದು ಹೇಳಿದ ದಿನ ಬೈಯಬೇಡಿ, ಪೂರ್ತಿ ಕೇಳಿಸಿಕೊಳ್ಳಿ.

ಪ್ರಶ್ನೆ: ಲಿಫ್ಟ್‌ನಲ್ಲಿ ಒಬ್ಬರು ಬಂದಾಗ ಯಾಕೋ ಸರಿ ಅನಿಸಲಿಲ್ಲ. ಇಳಿದರೆ ಬೇಜಾರು ಮಾಡ್ಕೋತಾರೆ ಅಂತ ಸುಮ್ಮನೆ ನಿಂತೆ. ಏನೂ ಆಗಲಿಲ್ಲ. ಆದರೂ ಇಳಿಯಬೇಕಿತ್ತಾ?

ಉತ್ತರ: ಇಳಿಯಬೇಕಿತ್ತು. ಕಾರಣ ಕೊಡುವ ಅಗತ್ಯವೂ ಇಲ್ಲ. ಏನೋ ಮರೆತವರ ಹಾಗೆ ಇಳಿದುಬಿಡಿ. ಅವರು ಒಳ್ಳೆಯವರಾಗಿದ್ದರೆ ಮುಂದಿನ ಮಹಡಿಗೆ ಮರೆತಿರುತ್ತಾರೆ. ತರಬೇತಿಗೆ ಬರುವ ಹೆಣ್ಣುಮಕ್ಕಳಲ್ಲಿ ನಾನು ಮತ್ತೆ ಮತ್ತೆ ಕಾಣುವುದು ಇದನ್ನೇ: ಅಪಾಯ ಕಂಡಿರುತ್ತದೆ, ದಾಕ್ಷಿಣ್ಯ ಕಾಲು ಹಿಡಿದಿರುತ್ತದೆ.

ಸಹಾಯ ಕೇಳುವಾಗಲೂ ಇದೇ ದಾಕ್ಷಿಣ್ಯ ಅಡ್ಡ ಬರುತ್ತದೆ. ಸುತ್ತ ಜನ ಹೆಚ್ಚಿದ್ದಷ್ಟೂ ‘ಬೇರೆ ಯಾರಾದರೂ ಹೋಗುತ್ತಾರೆ’ ಎಂದು ಒಬ್ಬೊಬ್ಬರೂ ಸುಮ್ಮನಿರಬಹುದು. ಅಮೆರಿಕದ ಮನೋವಿಜ್ಞಾನಿಗಳಾದ ಜಾನ್ ಡಾರ್ಲಿ ಮತ್ತು ಬಿಬ್ ಲತಾನೆ 1968ರಲ್ಲೇ ಪ್ರಯೋಗ ಮಾಡಿ ಇದನ್ನು ತೋರಿಸಿದರು. ಬರೀ ‘ಕಾಪಾಡಿ’ ಅನ್ನಬೇಡಿ. ಒಬ್ಬರ ಕಡೆ ಕೈ ತೋರಿಸಿ, ‘ನೀಲಿ ಅಂಗಿಯ ಅಣ್ಣಾ, ಇವರು ಯಾರೋ ಗೊತ್ತಿಲ್ಲ, ಹಿಂದೆ ಬೀಳ್ತಿದ್ದಾರೆ, ಪೊಲೀಸರಿಗೆ ಫೋನ್ ಮಾಡಿ’ ಅನ್ನಿ. ‘ಇವರು ಯಾರೋ ಗೊತ್ತಿಲ್ಲ’ ಅನ್ನುವ ಮಾತು ಬಿಡಬೇಡಿ, ಇಲ್ಲದಿದ್ದರೆ ನೋಡುವವರು ಮನೆಜಗಳ ಅಂದುಕೊಂಡು ದೂರ ಸರಿಯುತ್ತಾರೆ.

ಪ್ರಶ್ನೆ: ನನಗೆ ಕಿವಿ ಮಂದ. ಹಿಂದಿನಿಂದ ಯಾರು ಬಂದರೂ ಗೊತ್ತಾಗಲ್ಲ.

ಉತ್ತರ: ಅಂಗಡಿ ಗಾಜು, ನಿಂತ ವಾಹನದ ಕನ್ನಡಿ, ನೆಲದ ಮೇಲಿನ ನೆರಳು, ಇವು ಹಿಂದಿನದನ್ನು ತೋರಿಸುತ್ತವೆ. ಕಾಯುವಾಗ ಬೆನ್ನು ಗೋಡೆಗಿರಲಿ. ಎದುರಿಗೆ ಬರುವವರು ನಿಮ್ಮ ಭುಜದಾಚೆ ದಿಟ್ಟಿಸಿದರೆ ನೀವೂ ತಿರುಗಿ ನೋಡಿ. ಫೋನಿನ ತುರ್ತು ಬಟನ್ ನೋಡದೆ ಒತ್ತುವುದನ್ನು ಅಭ್ಯಾಸ ಮಾಡಿಕೊಳ್ಳಿ, ಸುಳ್ಳು ಕರೆ ಹೋಗದಂತೆ ಮೊದಲು ಸೆಟ್ಟಿಂಗ್ ನೋಡಿಕೊಂಡು.