ಜಿಂಕೆ ಬೇಟೆಗೆ ಬೆಳಕಿನ ನಾಕ್ ಬೇಕಾ? ಬಳಸಿದವರು ಹೇಳಿ

ಪ್ರಶ್ನೆ (ಡೆಟ್ರಾಯ್ಟ್ ಕಡೆಯಿಂದ)

ಎಲ್ಲರಿಗೂ ನಮಸ್ಕಾರ. ಮಿಶಿಗನ್‌ನಲ್ಲಿ ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೋಗುತ್ತಿರುವುದು ಇದು ಎರಡನೇ ವರ್ಷ. 60 ಪೌಂಡ್ ಎಳೆತದ ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ರಾಟೆ ಇರುವಂಥದ್ದು). (ಊರಿಂದ ಓದುವವರಿಗೆ: ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಬೇಟೆ ನಿಷಿದ್ಧ. ಇಲ್ಲಿ ಲೈಸೆನ್ಸ್ ಕೊಟ್ಟು, ಸೀಸನ್ ಗೊತ್ತುಮಾಡಿ ಬಿಡುತ್ತಾರೆ.) ಹೋದ ಅಕ್ಟೋಬರ್‌ನಲ್ಲಿ ಒಂದು ಹೆಣ್ಣು ಜಿಂಕೆಗೆ ಬಾಣ ಬಿಟ್ಟೆ. ಎಲ್ಲಿ ತಗುಲಿತು ಅಂತ ಕಾಣಲಿಲ್ಲ. ಬಾಣ ಸಿಗಲಿಲ್ಲ, ಜಿಂಕೆಯೂ ಸಿಗಲಿಲ್ಲ. ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತಿದೆ. ಬಾಣದ ಹಿಂತುದಿಯಲ್ಲಿ ಹೆದೆ ಕೂರುವ ಕಚ್ಚು ಇರುತ್ತದಲ್ಲ, ಆ ನಾಕ್ ಒಳಗೇ ಎಲ್‌ಇಡಿ ದೀಪ ಇರುವಂಥದ್ದು ಸಿಗುತ್ತದೆ. ಮೂರಕ್ಕೆ 25-35 ಡಾಲರ್. ಅಷ್ಟು ದುಡ್ಡು ಹಾಕಬಹುದಾ?

ಉತ್ತರ (ಲ್ಯಾನ್ಸಿಂಗ್, ಹನ್ನೊಂದು ಸೀಸನ್ ಅನುಭವ)

ಹಾಕಿ. ಆದರೆ ಅದು ಏನು ಮಾಡುತ್ತದೆ, ಏನು ಮಾಡಲ್ಲ ಅಂತ ತಿಳಿದು ಹಾಕಿ. ನಿಮ್ಮ ಗುರಿ ಅದರಿಂದ ಒಂದಿಷ್ಟೂ ಸುಧಾರಿಸುವುದಿಲ್ಲ. ಬಾಣ ಹೋದಮೇಲೆ ಎಷ್ಟು ಹೊತ್ತು ಕಾಯಬೇಕು ಅನ್ನುವುದನ್ನು ಅದು ಹೇಳುತ್ತದೆ. ನನ್ನ ಮಟ್ಟಿಗೆ ಆ ದುಡ್ಡು ಇರುವುದೇ ಅದಕ್ಕೆ.

ಒಂದು ಸಂಜೆಯದ್ದು ಹೇಳುತ್ತೇನೆ. ಅಕ್ಟೋಬರ್ ಕೊನೆ. ಓಕ್ ಮರದ ಮೇಲೆ, ನೆಲದಿಂದ ಹದಿನೆಂಟು ಅಡಿ ಎತ್ತರದ ಅಟ್ಟಣೆ. ಇಲ್ಲಿ ಸೂರ್ಯ ಮುಳುಗಿ ಅರ್ಧ ಗಂಟೆವರೆಗೆ ಬಾಣ ಬಿಡಬಹುದು, ಆ ಅರ್ಧ ಗಂಟೆಯಲ್ಲೇ ಜಿಂಕೆ ಬರುವುದು. 24 ಗಜದಲ್ಲಿ ಒಂದು ಹೆಣ್ಣು ಜಿಂಕೆ ಅಡ್ಡಲಾಗಿ ನಿಂತಿತು. ಬಿಟ್ಟೆ. ಮುಂಗಾಲಿನ ಹಿಂದೆ ಸರಿಯಾಗಿ ಬಿತ್ತು ಅಂತ ನನ್ನ ಮನಸ್ಸು ಹೇಳಿತು. ಆದರೆ ಹಸಿರು ದೀಪ ಹೊಕ್ಕಿದ್ದು ಒಂದು ಗೇಣು ಹಿಂದೆ. ಕಣ್ಣಾರೆ ಕಂಡೆ. ಆ ದೀಪ ಇರದಿದ್ದರೆ ನಾನು ಮನಸ್ಸು ಹೇಳಿದ್ದನ್ನೇ ನಂಬುತ್ತಿದ್ದೆ.

ಅರ್ಧ ಗಂಟೆ ಅಲ್ಲಾಡದೆ ಕೂತು, ಸದ್ದಿಲ್ಲದೆ ಇಳಿದೆ. ಬಾಣ ಆರ್‌ಪಾರ್ ಆಗಿ ತರಗೆಲೆಯಡಿ ಹೂತುಹೋಗಿತ್ತು. ಒಂದು ಓಕ್ ಎಲೆ ಮಾತ್ರ ಅಡಿಯಿಂದ ಹಸಿರಾಗಿ ಹೊಳೆಯುತ್ತಿತ್ತು, ನರ ನರ ಕಾಣುವ ಹಾಗೆ. ಎತ್ತಿ ಬೆರಳಲ್ಲಿ ಒರೆಸಿ ನೋಡಿದೆ. ರಕ್ತ ಕಡುಗೆಂಪು, ಜೊತೆಗೆ ಅರೆದ ಸೊಪ್ಪಿನಂಥ ಹಸಿರು ಕಣ, ಹುಳಿ ನಾತ. ಅಂದರೆ ಲಿವರ್ ಮತ್ತು ಹೊಟ್ಟೆ. ಅಲ್ಲಿಂದಲೇ ವಾಪಸ್ ಬಂದೆ. ರಾತ್ರಿ ಚಳಿ ಇತ್ತು, ಮಾಂಸ ಕೆಡುವ ಭಯ ಇರಲಿಲ್ಲ. ಬೆಳಿಗ್ಗೆ ಹೋದರೆ 140 ಗಜದಾಚೆ, ಜೌಗಿನ ಅಂಚಿನಲ್ಲಿ, ಮೊದಲು ಮಲಗಿದ ಜಾಗದಲ್ಲೇ ಸತ್ತು ಬಿದ್ದಿತ್ತು. ರಾತ್ರಿಯೇ ಹಿಂದೆ ಹೋಗಿದ್ದರೆ ಎದ್ದು ಅರ್ಧ ಮೈಲಿ ಓಡುತ್ತಿತ್ತು. ಅಂಥದ್ದು ರಕ್ತವನ್ನೂ ಸರಿಯಾಗಿ ಬಿಡುವುದಿಲ್ಲ.

ಲೆಕ್ಕ ಇಷ್ಟು. ತಿಳಿಗೆಂಪು, ನೊರೆನೊರೆ ರಕ್ತ ಅಂದರೆ ಶ್ವಾಸಕೋಶ, ಅರ್ಧ ಗಂಟೆ ಸಾಕು. ಕಡುಗೆಂಪು ಅಂದರೆ ಲಿವರ್, ನಾಲ್ಕರಿಂದ ಆರು ಗಂಟೆ. ಹಸಿರು ಕಣ, ನಾತ ಅಂದರೆ ಹೊಟ್ಟೆ ಕರುಳು, ಎಂಟರಿಂದ ಹನ್ನೆರಡು. ಎರಡೂ ಕಂಡರೆ ಜಾಸ್ತಿ ಇರುವುದನ್ನೇ ಹಿಡಿಯಿರಿ. ಇದನ್ನೆಲ್ಲ ಓದಬೇಕಾದರೆ ಬಾಣ ಕೈಗೆ ಸಿಗಬೇಕು, ಅಲ್ವಾ? ಹೋದ ವರ್ಷ ನಿಮಗೆ ಸಿಗದೇ ಹೋಗಿದ್ದು ಅದೇ.

ಇನ್ನೊಂದು ಮಾತು. ಮೇರಿಲ್ಯಾಂಡ್‌ನ ಇಂಡಿಯನ್ ಹೆಡ್ ನೌಕಾ ನೆಲೆಯಲ್ಲಿ 1989ರಿಂದ 2006ರವರೆಗೆ ಬಿಲ್ಲುಬೇಟೆಯ ಲೆಕ್ಕ ಇಟ್ಟಿದ್ದರು. ಪರೀಕ್ಷೆ ಪಾಸಾದ ಬೇಟೆಗಾರರೇ ಇದ್ದರೂ, ಬಾಣ ತಗುಲಿದ ಜಿಂಕೆಗಳಲ್ಲಿ ಸುಮಾರು 18% ಸಿಗಲೇ ಇಲ್ಲ. ಆದ್ದರಿಂದ ಒಬ್ಬರೇ ಕೊರಗಬೇಡಿ. ಆದರೆ ಆ ಸಂಖ್ಯೆ ಇಳಿಸುವ ಯಾವುದನ್ನೂ ಬಿಡಬೇಡಿ.

ಉತ್ತರ (ಕೊಲಂಬಸ್, ಒಹಾಯೊ)

ಮೇಲಿನವರ ಮಾತು ಒಪ್ಪುತ್ತೇನೆ. ತೂಕದ ವಿಷಯ ಸೇರಿಸುತ್ತೇನೆ, ಇದನ್ನು ಅಂಗಡಿಯಲ್ಲಿ ಯಾರೂ ಹೇಳಲ್ಲ. ಮಾಮೂಲಿ ನಾಕ್ 8-10 ಗ್ರೇನ್ (ಸುಮಾರು 15 ಗ್ರೇನ್ ಅಂದರೆ ಒಂದು ಗ್ರಾಂ) ಇದ್ದರೆ ಬೆಳಕಿನದ್ದು 20-25. ಜಾಸ್ತಿ ಆಗುವುದು ಒಂದು ಗ್ರಾಂ ಅಷ್ಟೇ, ಆದರೆ ಅದು ಬಾಣದ ಬಾಲದಲ್ಲಿ ಕೂರುತ್ತದೆ. ನನ್ನ 420 ಗ್ರೇನ್ ಬಾಣದಲ್ಲಿ ಮುಂಭಾರ (ತೂಕದ ಸಮತೋಲ ಬಿಂದು ಬಾಣದ ನಡುವಿಗಿಂತ ಎಷ್ಟು ಮುಂದಿದೆ ಅನ್ನುವ ಲೆಕ್ಕ) 12% ಇದ್ದದ್ದು 10ಕ್ಕೆ ಇಳಿಯಿತು. 20 ಗಜದಲ್ಲಿ ಏನೂ ಗೊತ್ತಾಗಲಿಲ್ಲ. 40ರಲ್ಲಿ ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ ಕೆಳಗೆ ಬಿತ್ತು. ಹಾಗಾಗಿ ಸೀಸನ್ ಹಿಂದಿನ ದಿನ ಸುಮ್ನೆ ತುರುಕಿಕೊಂಡು ಹೋಗಬೇಡಿ. ಆಗಸ್ಟ್‌ನಲ್ಲೇ ಹಾಕಿ, ಬ್ರಾಡ್‌ಹೆಡ್ (ಬೇಟೆಗೆ ಹಾಕುವ ಅಲಗಿನ ಮೊನೆ) ಸಮೇತ ಬಿಟ್ಟು ನೋಡಿ, ಬಿಲ್ಲಿನ ಗುರಿ ನೋಡುವ ಸೈಟ್ ಸರಿಮಾಡಿಕೊಳ್ಳಿ. ದೀಪ ಇಲ್ಲದ, ಅಷ್ಟೇ ತೂಕದ ಅಭ್ಯಾಸದ ನಾಕ್ ಕೂಡ ಬರುತ್ತದೆ. ಬ್ಯಾಟರಿ ಉಳಿಯುತ್ತದೆ.

ಅಳತೆ ನೋಡಿ ಕೊಳ್ಳಿ. ಬಾಣದ ಕೊಳವೆಯ ಒಳವ್ಯಾಸಕ್ಕೆ ತಕ್ಕ ಹಾಗೆ ಎಸ್, ಎಚ್, ಎಕ್ಸ್ ಅಂತೆಲ್ಲ ಇರುತ್ತವೆ. ಹೆದೆಗೆ ಹಾಕಿದಾಗ ಟಕ್ ಅಂತ ಕೂರಬೇಕು, ಆದರೆ ಬಿಗಿಯಾಗಬಾರದು. ನನ್ನ ಮೊದಲ ಜೊತೆ ಬಿಗಿಯಾಗಿತ್ತು, ಹೆದೆಗೆ ಸಿಕ್ಕಿಸುವಾಗಲೇ ಒಳಗೆ ಒತ್ತಿಕೊಂಡು ದೀಪ ಹತ್ತಿಬಿಟ್ಟಿತು. ಮುಖದ ಪಕ್ಕ ಕೆಂಪು ಬೆಳಕು, ಎದುರಿಗೆ ಜಿಂಕೆ. ಬಿಲ್ಲು ಇಳಿಸಬೇಕಾಯಿತು.

ಉತ್ತರ (ಮ್ಯಾಡಿಸನ್, ವಿಸ್ಕಾನ್ಸಿನ್, ರಿಕರ್ವ್ ಬಿಲ್ಲು)

ನಾನು ಬಳಸಿ ಬಿಟ್ಟೆ. ನನ್ನದು ರಾಟೆ ಇಲ್ಲದ ಹಳೇ ಥರದ ಬಿಲ್ಲು. 45 ಪೌಂಡಿನ ಆ ಬಿಲ್ಲಿನಲ್ಲಿ ಹೆದೆಯ ಒತ್ತಡ ಸಾಲದೆ ಹತ್ತರಲ್ಲಿ ಎರಡು ಸಲ ದೀಪ ಹತ್ತಲಿಲ್ಲ. ನಾನು 15 ಗಜ ಮೀರಿ ಬಿಡುವುದೂ ಇಲ್ಲ. ಅಷ್ಟು ಹತ್ತಿರದಲ್ಲಿ ದೊಡ್ಡ ಬಿಳಿ ಗರಿ ಕಟ್ಟಿದ ಬಾಣ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಗರಿಗೆ ಹತ್ತಿದ ರಕ್ತದ ಬಣ್ಣವೂ ಬಿಳಿ ಮೇಲೆ ಎದ್ದು ಕಾಣುತ್ತದೆ. ಇನ್ನೊಂದು ಅಳುಕೂ ಇದೆ. ದೀಪ ಇದೆ ಅನ್ನುವ ಧೈರ್ಯಕ್ಕೆ ಕೆಲವರು ತೀರಾ ಕತ್ತಲಾಗುವವರೆಗೂ ಕಾದು ಬಿಡುತ್ತಾರೆ. ದೀಪ ಹತ್ತುವುದು ಬಾಣ ಹೋದಮೇಲೆ. ಗುರಿ ಹಿಡಿಯುವಾಗ ಕತ್ತಲು ಕತ್ತಲೇ.

ಉತ್ತರ (ಪಿಟ್ಸ್‌ಬರ್ಗ್, ಪೆನ್ಸಿಲ್ವೇನಿಯಾ)

ಕ್ರಾಸ್‌ಬೋ (ಬಂದೂಕಿನ ಹಾಗೆ ಹಿಡಿದು ಕುದುರೆ ಎಳೆಯುವ ಅಡ್ಡಬಿಲ್ಲು) ಇರುವವರಿಗೆ ಮಾತ್ರ: ನಾಕ್‌ನ ಆಕಾರ ತಯಾರಕರು ಹೇಳಿದ್ದೇ ಇರಬೇಕು. ಚಪ್ಪಟೆ, ಅರ್ಧಚಂದ್ರ ಅಂತ ಬೇರೆ ಬೇರೆ ಇವೆ. ಬೇರೆಯದು ಹಾಕಿದರೆ ಹೆದೆ ಬಾಣದ ಮೇಲೋ ಕೆಳಗೋ ಜಾರಿ, ಖಾಲಿ ಬಿಲ್ಲು ಬಿಟ್ಟ ಹಾಗಾಗುತ್ತದೆ. ಬಿಲ್ಲೂ ಮುರಿಯಬಹುದು, ಕೈಗೂ ಪೆಟ್ಟಾಗಬಹುದು.

ಕಾನೂನು ಕೂಡ ನೋಡಿಕೊಳ್ಳಿ. ಪಶ್ಚಿಮದ ಕೆಲವು ರಾಜ್ಯಗಳಲ್ಲಿ ಬಿಲ್ಲುಬಾಣಕ್ಕೆ ಎಲೆಕ್ಟ್ರಾನಿಕ್ ಏನೂ ಇರಬಾರದು ಅಂತಿತ್ತು, ಆಮೇಲೆ ಒಂದೊಂದೇ ರಾಜ್ಯ ಬೆಳಕಿನ ನಾಕ್‌ಗೆ ವಿನಾಯಿತಿ ಕೊಟ್ಟಿತು. ಬಿಲ್ಲುಬೇಟೆಯ ದಾಖಲೆ ಇಡುವ ಪೋಪ್ ಅಂಡ್ ಯಂಗ್ ಕ್ಲಬ್ ಒಪ್ಪಿದ್ದೂ 2014ರಲ್ಲೇ. ಬೇರೆ ರಾಜ್ಯಕ್ಕೆ ಹೋಗುವಾಗ ಆ ವರ್ಷದ ನಿಯಮ ಪುಸ್ತಕ ತೆರೆದು ನೋಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಲ್ಯಾನ್ಸಿಂಗ್ ಸರ್, ಇನ್ನೆರಡು ಕೇಳಲಾ? ಬೆಳಕು ಕಂಡು ಜಿಂಕೆ ಬೆದರುವುದಿಲ್ಲವೇ? ಕೆಂಪು ತಗೊಳ್ಳಲಾ, ಹಸಿರಾ?

ಉತ್ತರ (ಲ್ಯಾನ್ಸಿಂಗ್)

ಖಂಡಿತ ಕೇಳಿ. ಜಿಂಕೆ ಬೆದರುವುದು ಸದ್ದಿಗೆ. ಸದ್ದು ಸೆಕೆಂಡಿಗೆ 1,100 ಅಡಿ ಹೋಗುತ್ತದೆ, ನಿಮ್ಮ ಬಾಣ 270ರ ಆಸುಪಾಸು. ಬಾಣ ತಲುಪುವ ಮೊದಲೇ ಹೆದೆಯ ಸದ್ದು ಕೇಳಿ ಅದು ಕುಗ್ಗಿರುತ್ತದೆ. ಬೆಳಕು ಅದಕ್ಕೆ ಲೆಕ್ಕಕ್ಕಿಲ್ಲ. ಕೆಂಪು ಅಂತೂ ಜಿಂಕೆ ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ.

ಬಣ್ಣ ನಿಮ್ಮ ಕಣ್ಣಿಗೆ ಬಿಟ್ಟಿದ್ದು. ನಾನು ಹಸಿರು ಹಾಕುತ್ತೇನೆ. ಇಲ್ಲಿ ಅಕ್ಟೋಬರ್‌ನಲ್ಲಿ ನೆಲದ ತುಂಬ ಮೇಪಲ್‌ನ ಕೆಂಪೆಲೆ. ಕೆಂಪು ಹಸಿರು ವ್ಯತ್ಯಾಸ ಸರಿಯಾಗಿ ತಿಳಿಯದ ಕಣ್ಣಾಗಿದ್ದರೆ ಎರಡನ್ನೂ ಸಂಜೆ ಹಿತ್ತಲಲ್ಲಿ ಹಚ್ಚಿಟ್ಟು ನೋಡಿ ಕೊಳ್ಳಿ.

ಹತ್ತಿದ ದೀಪ ಆರಿಸುವುದನ್ನು ಮನೆಯಲ್ಲೇ ಕಲಿಯಿರಿ. ಕೆಲವದಕ್ಕೆ ಸಣ್ಣ ತೂತಿನಲ್ಲಿ ಮೊಳೆಯಂಥದ್ದು ತೂರಿಸಬೇಕು, ಕೆಲವದನ್ನು ಹಿಂದಕ್ಕೆ ಎಳೆದರೆ ಸಾಕು. ಒಂದು ಗುಂಡುಪಿನ್ನು ಬ್ಯಾಗಿನಲ್ಲಿರಲಿ. ಬತ್ತಳಿಕೆಯಲ್ಲಿ ಎಲ್ಲಾ ಬಾಣಕ್ಕೂ ಬೇಡ, ಮೊದಲು ಎತ್ತುವ ಎರಡಕ್ಕೆ ಹಾಕಿ. ಮತ್ತೆ ಬಾಣ ಬಿಟ್ಟ ಕೂಡಲೇ ಜಿಂಕೆ ಕೊನೆಗೆ ಕಂಡ ಮರ ಯಾವುದು ಅಂತ ಗುರುತಿಟ್ಟುಕೊಳ್ಳಿ. ಬಾಣ ಆರ್‌ಪಾರ್ ಆಗದೆ ಮೈಯಲ್ಲೇ ಉಳಿದರೆ ದೀಪ ಕಾಡಿನೊಳಗೆ ಓಡುವುದು ಕಾಣುತ್ತದೆ. ಅದು ಎಲ್ಲಿ ನಿಂತಿತು ಅಂತ ನೋಡುತ್ತಾ ಕೂತಿರಿ, ಇಳಿಯಬೇಡಿ.