ಪದಚರ್ಚೆ: ಕಾರು ‘ಗಡಸು’ ಎನ್ನಬೇಕೇ, ‘ಬಿಗಿ’ ಎನ್ನಬೇಕೇ, ‘ಪೆಡಸು’ ಎನ್ನಬೇಕೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಬೆಂಗಳೂರಿನ ಬೀದಿಗಳಲ್ಲಿ ಸ್ವಂತ ಕಾರು ಓಡಿಸುವವರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಗುಂಡಿ, ಹಂಪ್, ಪೈಪು ಹಾಕಲು ಅಗೆದು ಅರೆಬರೆ ಮುಚ್ಚಿದ ಜಾಗ, ವೈಟ್ ಟಾಪಿಂಗ್ ರಸ್ತೆಯ ಕಾಂಕ್ರೀಟು ಹಲಗೆಗಳ ನಡುವಿನ ಸಂದು, ಇವುಗಳ ಮೇಲೆ ಮೈನೋವು ತರಿಸುವ ಕಾರನ್ನು ಒಂದಿಷ್ಟು ಹಿತವಾಗಿಸುವುದು ಹೇಗೆ ಎಂಬುದು ಅದರ ಒಂದು ಅಧ್ಯಾಯ. ಅದರ ಮೊದಲ ವಾಕ್ಯದಲ್ಲಿಯೇ ನಿಂತುಬಿಟ್ಟಿದ್ದೇನೆ. ಅಂಥ ಕಾರನ್ನು ಇಂಗ್ಲಿಷಿನವರು ‘ಸ್ಟಿಫ್’ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾರೆ; ನಾವು ಏನೆನ್ನಬೇಕು?

ಮೊದಲು ಹೊಳೆದದ್ದು ‘ಬಿಗಿ’ ಮತ್ತು ‘ಗಟ್ಟಿ’. ಎರಡನ್ನೂ ಬಿಡಬೇಕಾಯಿತು, ಏಕೆಂದರೆ ನಮ್ಮ ಬಳಕೆಯಲ್ಲಿ ಇವೆರಡೂ ಹೊಗಳಿಕೆಗಳು. ‘ಗಾಡಿ ಇನ್ನೂ ಬಿಗಿಯಾಗಿದೆ’ ಎಂದರೆ ಒಂದು ಬೋಲ್ಟೂ ಸಡಿಲವಾಗಿಲ್ಲ, ಕೊಳ್ಳಬಹುದು ಎಂದರ್ಥ. ‘ಗಟ್ಟಿ ಗಾಡಿ’ ಎಂದರೆ ಬಹುಕಾಲ ಬಾಳುವಂಥದ್ದು. ಪದದ ಹೊಂದಿಕೆಯನ್ನು ಅದರ ಎದುರುಪದದಿಂದ ಪರೀಕ್ಷಿಸುವುದು ನನ್ನ ರೂಢಿ. ಬಿಗಿಗೆ ಎದುರು ಸಡಿಲ. ‘ಬಿಗಿ ಕಡಿಮೆ ಮಾಡಿ’ ಎಂದು ನಾನು ಬರೆದರೆ ಓದುಗನು ಸ್ಪ್ಯಾನರ್ ಹಿಡಿದು ನಟ್ಟು ಸಡಿಲಿಸಲು ಹೊರಟಾನು! ‘ಗಡಸು’ ಪದಕ್ಕೆ ಎದುರು ಮೆದು; ಅದು ನೀರಿಗೆ, ದನಿಗೆ, ಮುಟ್ಟಿದಾಗ ತಿಳಿಯುವ ಗುಣಕ್ಕೆ ಒಪ್ಪುತ್ತದೆಯೇ ಹೊರತು ಒತ್ತಿದಾಗ ಬಾಗದಿರುವ ಗುಣಕ್ಕೆ ಪೂರ್ತಿ ಒಪ್ಪುವುದಿಲ್ಲ. ‘ಪೆಡಸು’ ಹೆಚ್ಚು ಹತ್ತಿರ ಬರುತ್ತದೆ, ಏಕೆಂದರೆ ಆರಿದ ಚಪಾತಿ ಪೆಡಸಾಗಿದೆ ಎನ್ನುವಾಗ ಅದು ಬಳುಕುವುದಿಲ್ಲ ಎಂಬುದೇ ನಮ್ಮ ದೂರು. ಸ್ಪ್ರಿಂಗಿನ ಗುಣ ಹೇಳುವುದಕ್ಕೆ, ಅಂದರೆ ಇಂತಿಷ್ಟು ಭಾರಕ್ಕೆ ಅದು ಎಷ್ಟು ಕುಗ್ಗುತ್ತದೆ ಎಂಬ ಲೆಕ್ಕಕ್ಕೆ, ‘ಪೆಡಸುತನ’ ಸರಿಯಾದ ಪದವೆಂದು ನನಗೆ ತೋರುತ್ತದೆ. ಆದರೆ ಕಾರಿನಲ್ಲಿ ಕುಳಿತವನ ಅನುಭವಕ್ಕೆ ಇದೂ ಸಾಲದು. ಅದನ್ನು ನಾನು ದುಡ್ಡು ಕೊಟ್ಟು ಕಲಿತೆ.

ಕೆಲವು ತಿಂಗಳ ಹಿಂದೆ ಹಳೆಯ ಹ್ಯಾಚ್‌ಬ್ಯಾಕೊಂದನ್ನು ಕೊಂಡಿದ್ದೆ. ನಮ್ಮ ಬಡಾವಣೆಯ ಒಂದು ಗ್ಯಾರೇಜಿಗೆ ಹೋಗಿ, ‘ಗಾಡಿ ಎತ್ತಿ ಹಾಕುತ್ತಪ್ಪ’ ಎಂದೆ. ಅವರು ಮುಂದಿನ ಎರಡೂ ಶಾಕ್ಸ್ (ಶಾಕ್ ಅಬ್ಸಾರ್ಬರ್) ಬದಲಾಯಿಸಿದರು. ಕಾರು ಮೊದಲಿನಂತೆಯೇ ಇತ್ತು. ಕಡೆಗೆ ಚಾಲಕನ ಬಾಗಿಲ ಚೌಕಟ್ಟಿನ ಮೇಲೆ ಅಂಟಿಸಿದ್ದ ಚೀಟಿಯನ್ನು ಓದಿ ಟೈರಿನ ಗಾಳಿಯ ಒತ್ತಡ ಅಳೆಸಿದಾಗ, 33 ಪಿಎಸ್‌ಐ (ಆ ಒತ್ತಡದ ಅಳತೆ) ಇರಬೇಕಾದ ಟೈರುಗಳಲ್ಲಿ 42 ಇತ್ತು. ಗಾಳಿ ಇಳಿಸಿದ ಮೇಲೆ ಅರ್ಧ ಕಷ್ಟ ಹೋಯಿತು. ಮೆಕ್ಯಾನಿಕ್ಕನದು ಪೂರ್ತಿ ತಪ್ಪೆಂದು ಹೇಳಲಾರೆ. ‘ಎತ್ತಿ ಹಾಕು’ ಎಂದರೆ ಹಂಪ್ ದಾಟುವಾಗ ಕಾರಿನ ಮೈ ಮೇಲಕ್ಕೆ ಚಿಮ್ಮಿ ಕೆಳಗೆ ಬೀಳುವುದು. ನನ್ನ ಕಾರು ಮಾಡುತ್ತಿದ್ದದ್ದು ಅದಲ್ಲ. ರಸ್ತೆಯ ಒಂದೊಂದು ಕಲ್ಲನ್ನೂ ಅದು ಸೊಂಟಕ್ಕೆ ‘ಕುಟ್ಟುತ್ತಿತ್ತು’. ನಾನು ಬಳಸಿದ ಕ್ರಿಯಾಪದವೇ ತಪ್ಪಾಗಿತ್ತು.

ಅಂದಿನಿಂದ ನನ್ನ ಗಮನ ಗುಣವಾಚಕಗಳಿಂದ ಕ್ರಿಯಾಪದಗಳ ಕಡೆಗೆ ತಿರುಗಿದೆ. ಕಾರು ಹೇಗಿದೆ ಎನ್ನುವುದಕ್ಕಿಂತ ಅದು ಏನು ಮಾಡುತ್ತದೆ ಎನ್ನುವುದನ್ನು ಕನ್ನಡ ಹೆಚ್ಚು ಖಚಿತವಾಗಿ ಹೇಳಬಲ್ಲದು. ಬಳಗದ ಮುಂದಿಡಬೇಕೆಂದಿರುವ ವಾದ ಇದೇ.

‘ಕುಟ್ಟು’ ಎಂಬುದು ಚಿಕ್ಕ, ಚೂಪಾದ, ಬೇಗ ಬೇಗ ಬರುವ ಪೆಟ್ಟು. ಅದರ ಮೊದಲ ಕಾರಣವನ್ನು ಟೈರಿನಲ್ಲಿಯೇ ಹುಡುಕಬೇಕು. ಗಾಳಿಯನ್ನು ಟೈರು ತಣ್ಣಗಿರುವಾಗ ಅಳೆದು ಚೀಟಿಯಲ್ಲಿರುವಷ್ಟಕ್ಕೆ ತರಬೇಕು; ಅದಕ್ಕಿಂತ ಕೆಳಗಿಳಿಸಿದರೆ ಟೈರು ಬಿಸಿಯೇರುತ್ತದೆ, ಗುಂಡಿಗೆ ಬಿದ್ದಾಗ ರಿಮ್ಮು ಸೊಟ್ಟಗಾಗುತ್ತದೆ. ಎರಡನೆಯ ಕಾರಣ ಟೈರಿನ ‘ಪಕ್ಕೆ’. ರಿಮ್ಮಿಗೂ ನೆಲ ಮುಟ್ಟುವ ಭಾಗಕ್ಕೂ ನಡುವೆ ಇರುವ ರಬ್ಬರಿನ ಗೋಡೆಯನ್ನು ಹೀಗೆ ಕರೆದಿದ್ದೇನೆ. ಒಪ್ಪಿಗೆಯೇ ಎಂದು ತಿಳಿಸಬೇಕು. ಟೈರಿನ ಮೇಲೆ 185/65 ಆರ್15 ಎಂದಿದ್ದರೆ (ಕೊನೆಯ ಅಂಕಿ ರಿಮ್ಮಿನ ಅಳತೆ, ಇಂಚುಗಳಲ್ಲಿ) ಪಕ್ಕೆಯ ಎತ್ತರ ಟೈರಿನ ಅಗಲವಾದ 185 ಮಿ.ಮೀ.ನ ಶೇ. 65, ಅಂದರೆ ಸುಮಾರು 120 ಮಿ.ಮೀ. ಅದೇ ಕಾರಿನ ಮೇಲ್ದರ್ಜೆಯ ಮಾದರಿಗೆ 195/55 ಆರ್16 ಹಾಕಿದರೆ ಚಕ್ರದ ಒಟ್ಟು ಎತ್ತರ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ, ಪಕ್ಕೆ ಮಾತ್ರ 107 ಮಿ.ಮೀ.ಗೆ ಇಳಿಯುತ್ತದೆ. ಹೊಳೆಯುವ ದೊಡ್ಡ ರಿಮ್ಮಿನ ಆಸೆಗೆ ನಾವು ಕಳೆದುಕೊಳ್ಳುವ ಮೆತ್ತೆ ಆ 13 ಮಿ.ಮೀ. ಹಿತ ಬೇಕಾದವರು ತಮ್ಮ ಕಾರಿಗೆ ತಯಾರಕರೇ ಒಪ್ಪಿರುವ ಚಿಕ್ಕ ರಿಮ್ಮಿಗೆ ಮರಳುವುದು ಖರ್ಚಿಗೆ ತಕ್ಕ ಫಲ ಕೊಡುವ ಉಪಾಯ.

‘ಎತ್ತಿ ಹಾಕು’ ಎಂಬುದು ಸ್ಪ್ರಿಂಗಿಗೆ ಸೇರಿದ್ದು. ಸಾಮಾನ್ಯ ಕಾರಿನ ಮೈ ತನ್ನ ಸ್ಪ್ರಿಂಗುಗಳ ಮೇಲೆ ಸೆಕೆಂಡಿಗೆ ಸುಮಾರು 1ರಿಂದ 1.5 ಸಲ ಏರಿ ಇಳಿಯುವಂತೆ ರೂಪಿಸಿರುತ್ತಾರೆ, ಮತ್ತು ಆ ನಿಧಾನದ ತೂಗು ಮನುಷ್ಯನಿಗೆ ಹಿತವಾಗಿಯೇ ಇರುತ್ತದೆ. ಸೆಕೆಂಡಿಗೆ 4ರಿಂದ 8 ಸಲ ಬರುವ ಮೇಲೆ ಕೆಳಗಿನ ಅಲುಗಾಟವೇ ದೇಹಕ್ಕೆ ಎಲ್ಲಕ್ಕಿಂತ ಹೆಚ್ಚು ತಟ್ಟುತ್ತದೆ. ಸ್ಪ್ರಿಂಗು ಪೆಡಸಾದಷ್ಟೂ ತೂಗು ಚುರುಕಾಗಿ ಆ ಕಡೆಗೆ ಸರಿಯುತ್ತದೆ. ಅಂದಕ್ಕಾಗಿ ಸ್ಪ್ರಿಂಗು ಕತ್ತರಿಸಿ ತಗ್ಗಿಸಿದ ಕಾರುಗಳಲ್ಲಿ ಸ್ಪ್ರಿಂಗು ಪೆಡಸೂ ಆಗುತ್ತದೆ, ಕುಗ್ಗಲು ಜಾಗವೂ ಉಳಿಯುವುದಿಲ್ಲ; ಪ್ರತಿ ಹಂಪಿನಲ್ಲಿಯೂ ಒಳಗಿನ ರಬ್ಬರು ತಡೆಗೆ ದಡ್ ಎಂದು ಬಡಿಯುತ್ತದೆ. ಎಲ್ಲ ಪಾಪವನ್ನೂ ಕಾರಿನ ಮೇಲೆ ಹೊರಿಸುವುದೂ ಸಲ್ಲದು. ರಸ್ತೆ ನಿರ್ಮಾಣದ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಮಾರ್ಗಸೂಚಿಯಲ್ಲಿ ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲು ಹೇಳಿದ್ದ ಹಂಪಿನ ಅಗಲ 3.7 ಮೀಟರು, ಎತ್ತರ 10 ಸೆಂ.ಮೀ.; ನಮ್ಮ ಅಡ್ಡರಸ್ತೆಗಳಲ್ಲಿ ರಾತ್ರೋರಾತ್ರಿ ಏಳುವ ದಿಂಡುಗಳನ್ನು ಅದೇ ಹೆಸರಿನಿಂದ ಕರೆಯುವುದು ಭಾಷೆಗೂ ಅನ್ಯಾಯ.

‘ತೊನೆ’ ಎಂಬುದು ಮೂರನೆಯದು. ಗುಂಡಿ ದಾಟಿಯಾದ ಮೇಲೂ ಕಾರು ಗಾಳಿಗೆ ಸಿಕ್ಕ ತೆನೆಯಂತೆ ತೂಗಾಡುತ್ತಲೇ ಇರುವುದಕ್ಕೆ ಈ ಧಾತು ಚೆನ್ನಾಗಿ ಕೂಡುತ್ತದೆ. ದೋಷ ಶಾಕ್ಸ್‌ಗಳಲ್ಲಿರುವುದು ಇಂಥ ಕಾರಿನಲ್ಲಿ. ಬಾನೆಟ್ಟಿನ ಒಂದು ಮೂಲೆಯನ್ನು ಬಲವಾಗಿ ಅದುಮಿ ಬಿಟ್ಟಾಗ ಅದು ಒಮ್ಮೆ ಎದ್ದು ನೆಲೆ ನಿಲ್ಲಬೇಕು. ಎರಡು ಮೂರು ಸಲ ಕುಣಿದರೆ, ಅಥವಾ ಶಾಕ್ಸ್‌ನ ಕೊಳವೆಯ ಮೇಲೆ ಎಣ್ಣೆ ಜಿನುಗಿದ್ದರೆ, ಬದಲಾಯಿಸುವ ಕಾಲ ಬಂದಿದೆ.

ಇಲ್ಲಿಯೇ ಒಂದು ತಕರಾರು ಇದೆ. ‘ಆಘಾತ ಹೀರಕ’ ಎಂಬ ಅನುವಾದ ಮೂಲದ ತಪ್ಪನ್ನು ಹಾಗೆಯೇ ಹೊತ್ತುಕೊಂಡು ಬಂದಿದೆ. ಆಘಾತವನ್ನು ಮೊದಲು ತಾಳಿಕೊಳ್ಳುವುದು ಟೈರು ಮತ್ತು ಸ್ಪ್ರಿಂಗು. ಆ ಬಳಿಕ ಸ್ಪ್ರಿಂಗು ಕುಣಿಯುತ್ತಲೇ ಇರದಂತೆ, ಸಣ್ಣ ರಂಧ್ರಗಳ ಮೂಲಕ ಎಣ್ಣೆಯನ್ನು ನುಗ್ಗಿಸಿ ಆ ಚಲನೆಯನ್ನು ಶಾಖವಾಗಿ ಕಳೆಯುವುದಷ್ಟೇ ಈ ಕೊಳವೆಯ ಕೆಲಸ. ಬ್ರಿಟನ್ನಿನವರು ಇದನ್ನು ‘ಡ್ಯಾಂಪರ್’ ಎನ್ನುವುದು ಆ ಕಾರಣಕ್ಕೆ. ನಾನು ‘ತೊನೆತಡೆ’ ಎಂದು ಬರೆದು ನೋಡಿದೆ. ಕಿವಿಗೆ ಹಿತವಾಗಿದೆ, ಆದರೆ ಗ್ಯಾರೇಜಿನಲ್ಲಿ ನಗುತ್ತಾರೆ. ಅಲ್ಲಿ ‘ಶಾಕ್ಸ್’ ಎಂದೇ ಇರಲಿ, ವಿವರಣೆಯಲ್ಲಿ ಮಾತ್ರ ತೊನೆತಡೆ ಬರಲಿ ಎಂಬುದು ಸದ್ಯದ ನಿರ್ಧಾರ.

ಪದವೊಂದು ಗಿರಾಕಿಯನ್ನು ನೇರವಾಗಿ ದಾರಿ ತಪ್ಪಿಸುವುದಕ್ಕೂ ಉದಾಹರಣೆಯಿದೆ. ಬಿಡಿಭಾಗಗಳ ಅಂಗಡಿಗಳಲ್ಲಿ ಸ್ಪ್ರಿಂಗಿನ ಸುರುಳಿಗಳ ನಡುವೆ ಸಿಕ್ಕಿಸುವ ರಬ್ಬರು ಬಿಲ್ಲೆಗಳನ್ನು ‘ಕುಷನ್ ಬಫರ್’ ಎಂದು ಮಾರುತ್ತಾರೆ. ಕುಷನ್ ಎಂದೊಡನೆ ಕೊಳ್ಳುವವನು ಮೆತ್ತೆಯನ್ನು ನೆನೆಯುತ್ತಾನೆ. ಕೆಲಸ ಮಾಡುವ ಸುರುಳಿಗಳ ನಡುವೆ ರಬ್ಬರು ತುರುಕಿದರೆ ಅವು ಕುಗ್ಗುವ ಅವಕಾಶ ಕಡಿಮೆಯಾಗಿ ಸ್ಪ್ರಿಂಗು ಇನ್ನಷ್ಟು ಪೆಡಸಾಗುತ್ತದೆ. ಹಿಂಬದಿ ಭಾರಕ್ಕೆ ಜಗ್ಗಿದ ಕಾರಿಗೆ ಅದರಿಂದ ಉಪಯೋಗವುಂಟು, ಸೊಂಟನೋವಿಗೆ ಇಲ್ಲ. ಕೈಪಿಡಿಯಲ್ಲಿ ಇದನ್ನು ‘ಸ್ಪ್ರಿಂಗ್ ಬೆಣೆ’ ಎಂದಿದ್ದೇನೆ. ಬೆಣೆ ಎಂದರೆ ಯಾರೂ ಮೆತ್ತೆ ಎಂದುಕೊಳ್ಳಲಾರರು.

ಉಳಿದಂತೆ, ಒಂದೇ ಪಕ್ಕದ ಚಕ್ರ ಗುಂಡಿಗಿಳಿದಾಗ ತಲೆ ಆಚೀಚೆ ತೂರುವುದಕ್ಕೆ ದೋಣಿಯಿಂದ ‘ಹೊಯ್ದಾಟ’ವನ್ನು ಎರವಲು ತಂದಿದ್ದೇನೆ. ಚಕ್ರದ ಜೋಡಣೆಯಲ್ಲಿ ಸವೆದ ಬುಷ್ಷು, ಲಿಂಕ್ ರಾಡುಗಳ ಸದ್ದಿಗೆ ‘ಕಟಕಟ’ ಎಂಬ ಅನುಕರಣ ಪದವೇ ಸಾಕು, ಮೆಕ್ಯಾನಿಕ್ಕಿಗೆ ಅದಕ್ಕಿಂತ ಸ್ಪಷ್ಟವಾದ ವರದಿ ಬೇಕಿಲ್ಲ.

ನನ್ನ ಪ್ರಶ್ನೆಗಳು ಇವು. ಸ್ಪ್ರಿಂಗಿಗೆ ‘ಪೆಡಸು’, ಅನುಭವಕ್ಕೆ ‘ಕುಟ್ಟು’, ‘ಎತ್ತಿ ಹಾಕು’, ‘ತೊನೆ’ ಎಂಬ ವಿಂಗಡಣೆ ಮೈಸೂರು ಸೀಮೆಯ ಹೊರಗಿನವರಿಗೂ ಸಹಜವಾಗಿ ಕೇಳುತ್ತದೆಯೇ? ಧಾರವಾಡದ ಕಡೆಯ ಗೆಳೆಯರೊಬ್ಬರು ‘ಎತ್ತಿ ಒಗೀತೈತಿ’ ಎನ್ನುತ್ತಾರೆ. ಅದು ನಮ್ಮ ‘ಎತ್ತಿ ಹಾಕು’ವಿಗೆ ಸಮವೇ, ಅಥವಾ ಇನ್ನೂ ಜೋರಿನದೇ? ಕಾರಿನ ಒಟ್ಟು ಓಡುವ ರೀತಿಗೆ ‘ಸವಾರಿ’ ಎನ್ನುವುದಕ್ಕಿಂತ, ಕುದುರೆಗೆ ಹೇಳುವಂತೆ ‘ನಡೆ’ ಎನ್ನಬಹುದೇ? ಮತ್ತು ಕರಾವಳಿಯವರು ಮಳೆಗಾಲದಲ್ಲಿ ಘಟ್ಟದ ರಸ್ತೆಯ ಮೇಲೆ ಕಾರಿಗೆ ಬೈಯುವಾಗ ಯಾವ ಕ್ರಿಯಾಪದ ಬಳಸುತ್ತಾರೆ ಎಂಬುದನ್ನು, ಬೈಗುಳವನ್ನು ಬಿಟ್ಟು, ದಯವಿಟ್ಟು ತಿಳಿಸಬೇಕು.